198 ಕೆಜಿ ಬೈಕು, 227 ಕೆಜಿ ತಡೆಯುವ ರ‍್ಯಾಕು: ಹಿಚ್ ಮೇಲೆ ಬೈಕ್ ಸಾಗಿಸಿದ ಒಂದು ಪ್ರಕರಣ ಅಧ್ಯಯನ

ಕಾರಿನ ಹಿಂದೆ ಟ್ರೇಲರ್ ಸಿಕ್ಕಿಸೋಕೆ ಇರುವ ಉಕ್ಕಿನ ಕೊಂಡಿ, ಅಂದರೆ ಹಿಚ್‌ಗೆ ಒಂದು ರ‍್ಯಾಕ್ ಸಿಕ್ಕಿಸಿ, ಅದರ ಮೇಲೆ ಬೈಕನ್ನು ಅಡ್ಡಲಾಗಿ ನಿಲ್ಲಿಸಿ ಕಟ್ಟಿಕೊಂಡು ಹೋಗುವುದು ನೋಡೋಕೆ ಬಹಳ ಸುಲಭ. ಟ್ರೇಲರ್ ಬೇಡ, ಅದನ್ನಿಡೋಕೆ ಜಾಗ ಬೇಡ, ರಿವರ್ಸ್ ತೆಗೆಯುವಾಗ ಅದು ಅಡ್ಡಡ್ಡ ತಿರುಗುವ ತಲೆನೋವೂ ಇಲ್ಲ. ಗೆಳೆಯನೊಬ್ಬ ಇದೇ ಆಸೆಗೆ ರ‍್ಯಾಕ್ ತರಿಸಿಬಿಟ್ಟ. ಬೈಕ್ ಏರಿಸುವ ಮೊದಲು ಒಂದ್ಸಲ ನೋಡಿಕೊಡು ಅಂತ ನನ್ನನ್ನು ಕರೆದ. ನೋಡಿದ್ದು, ಅಳೆದದ್ದು, ಕೊನೆಗೆ ಏನು ಮಾಡಿದೆವು ಅನ್ನುವುದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಇಂಥ ರ‍್ಯಾಕ್ ಕೊಳ್ಳುವವರಲ್ಲಿ ಹೆಚ್ಚಿನವರು ನೋಡುವುದು ಒಂದೇ ಸಂಖ್ಯೆ. ಅದು ಎಷ್ಟು ಕಡಿಮೆ ಹೇಳುತ್ತದೆ ಅನ್ನುವುದಕ್ಕೆ ಈ ಪ್ರಕರಣ ಒಳ್ಳೆಯ ಉದಾಹರಣೆ.

ಗಾಡಿ ಮಧ್ಯಮ ಗಾತ್ರದ ಡೀಸೆಲ್ ಎಸ್‌ಯುವಿ. ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ) 2.70 ಮೀಟರ್. ಹಿಂದಿನ ಹಿಚ್‌ನಲ್ಲಿ ಎರಡು ಇಂಚಿನ ಚೌಕ ರಿಸೀವರ್, ಅಂದರೆ ರ‍್ಯಾಕ್‌ನ ಕಂಬಿ ತೂರಿಸಿ ಅಡ್ಡ ಪಿನ್ ಹಾಕುವ ಕೊಳವೆ. ಗೆಳೆಯನ ಹತ್ತಿರ ಎರಡು ಬೈಕ್. ಒಂದು ಅಡ್ವೆಂಚರ್ ಬೈಕ್, ಟ್ಯಾಂಕ್ ತುಂಬಿದಾಗ 198 ಕೆಜಿ. ಇನ್ನೊಂದು ಕಾಡುದಾರಿಯಲ್ಲಿ ಓಡಿಸುವ ಎಂಡ್ಯೂರೊ ಬೈಕ್, 108 ಕೆಜಿ. ಅವನಿಗೆ ಸಾಗಿಸಬೇಕಿದ್ದದ್ದು ದೊಡ್ಡದನ್ನು. ಜೊತೆಗೆ ಹೆಂಡತಿ, ಇಬ್ಬರು ಮಕ್ಕಳು, ಎಲ್ಲರ ಸಾಮಾನು. ರ‍್ಯಾಕ್ ಉಕ್ಕಿನದು. ಮೇಲೆ 500 ಪೌಂಡ್, ಅಂದರೆ 227 ಕೆಜಿ ಅಂತ ದೊಡ್ಡ ಸ್ಟಿಕ್ಕರ್.

ಐದು ಕೆಜಿಯ ಜಗಳ

198 ಅನ್ನುವುದು 227ಕ್ಕಿಂತ ಕಡಿಮೆ. ಆಯ್ತಲ್ವಾ, ಮುಗೀತು. ಇದು ಗೆಳೆಯನ ವಾದ.

ಮುಗಿದಿರಲಿಲ್ಲ. ತೂಕದ ಮಿತಿ ಒಂದಲ್ಲ, ಮೂರು ಇರುತ್ತವೆ. ರ‍್ಯಾಕ್ ಎಷ್ಟು ತಡೆಯುತ್ತದೆ, ಹಿಚ್ ಎಷ್ಟು ತಡೆಯುತ್ತದೆ, ಕಾರು ಎಷ್ಟು ತಡೆಯುತ್ತದೆ. ಮೂರರಲ್ಲಿ ಯಾವುದು ಕಡಿಮೆಯೋ ಅದೇ ನಿಜವಾದ ಮಿತಿ. ಹಿಚ್‌ಗೆ ಅಂಟಿಸಿದ ಲೋಹದ ಪಟ್ಟಿಯಲ್ಲಿ ಟ್ರೇಲರ್ ಸಿಕ್ಕಿಸುವ ಚೆಂಡಿನ ಮೇಲೆ ಬೀಳಬಹುದಾದ ಭಾರ 272 ಕೆಜಿ ಅಂತ ಇತ್ತು. ಕಾರಿನ ಕೈಪಿಡಿಯಲ್ಲಿ ಅದೇ ಭಾರಕ್ಕೆ 225 ಕೆಜಿ. ಹಾಗಾಗಿ ಲೆಕ್ಕ 225ರಿಂದ ಶುರು. ರಿಸೀವರ್‌ನ ಅಳತೆ ನೋಡಿ ತಾಕತ್ತು ಅಂದಾಜು ಮಾಡುವವರೂ ಇದ್ದಾರೆ. ಹಿಚ್‌ಗಳನ್ನು ತಾಕತ್ತಿನ ಪ್ರಕಾರ ಕ್ಲಾಸ್‌ಗಳಾಗಿ ವಿಂಗಡಿಸುತ್ತಾರೆ. ಕ್ಲಾಸ್ 1 ಮತ್ತು ಕ್ಲಾಸ್ 2ರಲ್ಲಿ ಸಾಮಾನ್ಯವಾಗಿ ಒಂದೂಕಾಲು ಇಂಚು, ಕ್ಲಾಸ್ 3ರಲ್ಲಿ ಎರಡು ಇಂಚು ಅನ್ನುವುದು ಸರಿ. ಆದರೆ ರಿಸೀವರ್ ಎರಡು ಇಂಚಿನದು ಅಂದ ಮಾತ್ರಕ್ಕೆ ಕಾರು ಅಷ್ಟು ಹೊರುತ್ತದೆ ಅಂತ ಅಲ್ಲ. ಕೈಪಿಡಿ ತೆಗೆದು ನೋಡಲೇಬೇಕು.

ಎರಡನೆಯದಾಗಿ, ರ‍್ಯಾಕ್‌ಗೂ ತೂಕ ಇದೆ. ಪೆಟ್ಟಿಗೆಯ ಮೇಲೆ 27 ಕೆಜಿ ಅಂತ ಬರೆದಿತ್ತು. ಬೈಕ್ ಹತ್ತಿಸುವ ರ‍್ಯಾಂಪ್, ಬೆಲ್ಟ್ ಕಟ್ಟುವ ಅಡ್ಡಪಟ್ಟಿ, ಲೈಟಿನ ಹಲಗೆ ಎಲ್ಲ ಸೇರಿಸಿ ತಕ್ಕಡಿಗೆ ಹಾಕಿದರೆ 32 ಬಂತು. 198 ಮತ್ತು 32 ಕೂಡಿದರೆ 230. ಮಿತಿಗಿಂತ ಐದು ಕೆಜಿ ಜಾಸ್ತಿ.

"ಐದು ಕೆಜಿ ತಾನೇ ಕಣೋ, ಏಳು ಲೀಟರ್ ಪೆಟ್ರೋಲ್ ತೆಗೆದುಬಿಟ್ಟರೆ ಸರಿಹೋಯ್ತು" ಅಂದ. ಲೆಕ್ಕ ತಪ್ಪಲ್ಲ. ಒಂದು ಲೀಟರ್ ಪೆಟ್ರೋಲ್ ಸುಮಾರು ಮುಕ್ಕಾಲು ಕೆಜಿ ತೂಗುತ್ತದೆ. ಏಳು ಲೀಟರ್ ತೆಗೆದರೆ ಐದು ಕೆಜಿ ಇಳಿಯುತ್ತದೆ. ಆದರೆ ಅವನು ಬಿಡಿಸಿದ್ದು ಸುಲಭದ ಲೆಕ್ಕ. ಕಷ್ಟದ್ದು ಇನ್ನೂ ಬಾಕಿ ಇತ್ತು.

ತೂಕ ಅಲ್ಲ, ದೂರ

ಹಿಚ್‌ನ ಮಿತಿಯನ್ನು ಹೇಳುವುದು ಟ್ರೇಲರ್ ಎಳೆಯುವ ಚೆಂಡನ್ನು ಮನಸ್ಸಿನಲ್ಲಿಟ್ಟುಕೊಂಡು. ಆ ಚೆಂಡು ರಿಸೀವರ್‌ನ ಪಿನ್ನಿನಿಂದ ಹೆಚ್ಚು ದೂರ ಇರುವುದಿಲ್ಲ. ಈ ಕಾರಿನಲ್ಲಿ 25 ಸೆಂ.ಮೀ. ಇತ್ತು. ಆದರೆ ರ‍್ಯಾಕ್ ಮೇಲೆ ಬೈಕ್ ನಿಲ್ಲುವ ಗೆರೆ ಪಿನ್ನಿನಿಂದ 40 ಸೆಂ.ಮೀ. ಹಿಂದೆ. ತುಂಬಿದ ಬಕೆಟ್ಟನ್ನು ಮೈಗೆ ತಾಗಿಸಿ ಹಿಡಿಯುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸವೇ ಇದು. ಬಕೆಟ್ ಅದೇ, ನೀರೂ ಅಷ್ಟೇ, ಭುಜಕ್ಕೆ ಮಾತ್ರ ಬೇರೆ.

ಹಾಗಾಗಿ ನಾನು ತೂಕವನ್ನು ದೂರದಿಂದ ಗುಣಿಸಿ ನೋಡುತ್ತೇನೆ. ಚೆಂಡಿನ ಜಾಗದಲ್ಲಿ 225 ಕೆಜಿ ಇಟ್ಟರೆ 225 × 0.25, ಅಂದರೆ 56 ಕೆಜಿ-ಮೀಟರ್ ತಿರುಚು ಬಲ. ದೊಡ್ಡ ಬೈಕಿಗೆ 198 × 0.40, ಅಂದರೆ 79. ರ‍್ಯಾಕ್‌ನ ಭಾರ ಪಿನ್ನಿನಿಂದ 30 ಸೆಂ.ಮೀ. ದೂರದಲ್ಲಿ ಬೀಳುತ್ತಿತ್ತು, ಅದಕ್ಕೆ ಇನ್ನೂ 10. ಒಟ್ಟು 89. ತೂಕದಲ್ಲಿ ಬರೀ ಐದು ಕೆಜಿ ಹೆಚ್ಚು ಅಂತ ಕಂಡದ್ದು, ಹಿಚ್ ಬಗ್ಗಿಸುವ ಬಲದಲ್ಲಿ ಒಂದೂವರೆ ಪಟ್ಟಿಗೂ ಮಿಕ್ಕಿತ್ತು. ಪೆಟ್ರೋಲ್ ತೆಗೆದರೆ ಇದರಲ್ಲಿ ಇಳಿಯುವುದು ಎರಡು ಕೆಜಿ-ಮೀಟರ್, ಅಷ್ಟೇ.

ಇದು ಕಾರು ಮಾಡಿದವರು ಕೊಟ್ಟ ಸೂತ್ರ ಅಲ್ಲ, ನಾನು ಬಳಸುವ ಅಳತೆಗೋಲು. ಕೆಲವು ಕೈಪಿಡಿಗಳಲ್ಲಿ ರ‍್ಯಾಕ್‌ಗೆ ಅಂತಲೇ ಬೇರೆ ಮಿತಿ ಬರೆದಿರುತ್ತಾರೆ. ಅಲ್ಲಿ ಅದನ್ನೇ ನಂಬಬೇಕು. ಈ ಕಾರಿನ ಕೈಪಿಡಿಯಲ್ಲಿ ಇದ್ದದ್ದು ಚೆಂಡಿನ ಸಂಖ್ಯೆ ಒಂದೇ.

ಈ ಅಳತೆ ಅತಿಯಾಯ್ತು ಅಂತ ಹೇಳುವವರೂ ಉಂಟು. ನನಗೆ ಹಾಗೆ ಅನ್ನಿಸುವುದಿಲ್ಲ, ಯಾಕೆಂದರೆ ಚೆಂಡು ಮತ್ತು ರ‍್ಯಾಕ್ ಹಿಚ್ ಜೊತೆ ನಡೆದುಕೊಳ್ಳುವ ರೀತಿಯೇ ಬೇರೆ. ಟ್ರೇಲರ್ ಕೂರುವುದು ಗುಂಡಗಿನ ಚೆಂಡಿನ ಮೇಲೆ. ಅದು ಮೇಲೆ ಕೆಳಗೆ ಕುಣಿದರೂ ಪಕ್ಕಕ್ಕೆ ವಾಲಿದರೂ ಚೆಂಡಿನ ಸುತ್ತ ತಿರುಗಿಕೊಳ್ಳುತ್ತದೆ, ಹಿಚ್ಚನ್ನು ತಿರುಚುವುದಿಲ್ಲ. ಅದರ ಭಾರಕ್ಕೆ ಅದರದೇ ಚಕ್ರಗಳೂ ಇವೆ. ರ‍್ಯಾಕ್ ಹಾಗಲ್ಲ. ಚೌಕ ಕೊಳವೆಯೊಳಗೆ ಬಿಗಿಯಾಗಿ ಕೂತ ಗಟ್ಟಿ ಕಂಬಿ ಅದು. ಗುಂಡಿಗೆ ಇಳಿದಾಗ, ಉಬ್ಬು ಹತ್ತಿದಾಗ, ತಿರುವಿನಲ್ಲಿ ವಾಲಿದಾಗ ಪ್ರತಿ ಕುಲುಕಾಟವೂ ನೇರ ವೆಲ್ಡಿಂಗ್‌ಗೆ ಬೀಳುತ್ತದೆ.

ಚಿಕ್ಕ ಬೈಕಿಗೆ ಇದೇ ಲೆಕ್ಕ ಹಾಕಿದರೆ 108 × 0.40 ಅಂದರೆ 43, ಮೇಲೆ ರ‍್ಯಾಕ್‌ನ 10. ಒಟ್ಟು 53. ಮಿತಿ 56. ದಾಟಿಲ್ಲ, ಆದರೆ ಅಂಚಿಗೆ ಬಂದು ನಿಂತಿದೆ. ಹೆಲ್ಮೆಟ್ಟು, ಟೂಲ್ ಬ್ಯಾಗು, ಪೆಟ್ರೋಲ್ ಕ್ಯಾನು ಯಾವುದನ್ನೂ ರ‍್ಯಾಕ್‌ಗೆ ನೇತುಹಾಕುವಂತಿಲ್ಲ ಅಂತ ಅಲ್ಲೇ ತೀರ್ಮಾನವಾಯಿತು.

ಹಿಂದಿನ ಆಕ್ಸಲ್

ಹಿಚ್ ತಡೆದುಕೊಂಡರೆ ಸಾಲದು, ಆ ಭಾರ ಹೊರುವುದು ಹಿಂದಿನ ಎರಡು ಟೈರು. ಭಾರ ಆಕ್ಸಲ್‌ನ ಹಿಂದೆ ನೇತಾಡುವಾಗ ಆಕ್ಸಲ್ ಮೇಲೆ ಬೀಳುವುದು ಅದರ ಪೂರ್ತಿ ತೂಕಕ್ಕಿಂತ ಜಾಸ್ತಿ. ಹಿಂದಿನ ಚಕ್ರ ಆನಿಕೆಯಾಗಿ, ಮೂತಿ ಮೇಲೇಳುತ್ತದೆ. ಮುಂದೆ ಕಡಿಮೆಯಾದ ಭಾರವೂ ಹಿಂದಕ್ಕೇ ಬಂದು ಸೇರುತ್ತದೆ.

ಈ ಕಾರಿನಲ್ಲಿ ಆಕ್ಸಲ್‌ನಿಂದ ಪಿನ್ನಿಗೆ 1 ಮೀಟರ್, ಬೈಕಿಗೆ 1.40 ಮೀಟರ್. ದೊಡ್ಡ ಬೈಕು ಮತ್ತು ರ‍್ಯಾಕ್ ಸೇರಿ 230 ಕೆಜಿ ಏರಿಸಿದರೆ ಹಿಂದಿನ ಆಕ್ಸಲ್ ಮೇಲೆ ಹೆಚ್ಚಾಗುವುದು 348 ಕೆಜಿ. ಮುಂದಿನ ಆಕ್ಸಲ್‌ನಿಂದ 118 ಕೆಜಿ ಕಡಿಮೆಯಾಗುತ್ತದೆ. ಸ್ಟೀರಿಂಗ್ ತಿರುಗಿಸುವ ಚಕ್ರಗಳಿಂದ, ಬ್ರೇಕ್ ಹಾಕಿದಾಗ ಹೆಚ್ಚಿನ ಕೆಲಸ ಮಾಡುವ ಚಕ್ರಗಳಿಂದ, ಒಬ್ಬ ದಪ್ಪ ಮನುಷ್ಯನ ತೂಕಕ್ಕಿಂತ ಹೆಚ್ಚನ್ನು ಎತ್ತಿಬಿಟ್ಟ ಹಾಗೆ. ಚಿಕ್ಕ ಬೈಕಿಗಾದರೆ ಹಿಂದೆ 211 ಕೆಜಿ ಹೆಚ್ಚು, ಮುಂದೆ 71 ಕಡಿಮೆ.

ಕಾಗದದ ಲೆಕ್ಕ ಇಷ್ಟು. ಮನೆಮಂದಿಯನ್ನು ಕೂರಿಸಿ, ಸಾಮಾನು ತುಂಬಿ, ರ‍್ಯಾಕ್ ಇಲ್ಲದೆ ಗಾಡಿಯನ್ನು ವೇಬ್ರಿಡ್ಜ್‌ಗೆ ತೆಗೆದುಕೊಂಡು ಹೋದೆವು. ಬರೀ ಹಿಂದಿನ ಚಕ್ರಗಳನ್ನು ತಟ್ಟೆಯ ಮೇಲೆ ನಿಲ್ಲಿಸಿದಾಗ 1,060 ಕೆಜಿ ತೋರಿಸಿತು. ಬಾಗಿಲಿನ ಕಂಬದ ಮೇಲಿನ ಸ್ಟಿಕ್ಕರ್ ಪ್ರಕಾರ ಹಿಂದಿನ ಆಕ್ಸಲ್ ಮಿತಿ 1,250. ಅಂದರೆ ಉಳಿದದ್ದು 190 ಕೆಜಿ. ದೊಡ್ಡ ಬೈಕಿನ ಮಾತು ಅಲ್ಲಿಗೆ ಮುಗಿಯಿತು. ತಮಾಷೆ ಅಂದರೆ, ಚಿಕ್ಕ ಬೈಕಿಗೂ ಜಾಗ ಇರಲಿಲ್ಲ. 1,060ಕ್ಕೆ 211 ಸೇರಿಸಿದರೆ 1,271. ಇಪ್ಪತ್ತು ಕೆಜಿ ಹೆಚ್ಚು ಅಂತ ವಾದಕ್ಕೆ ಇಳಿಯುವ ಹಾಗೂ ಇರಲಿಲ್ಲ, ಆ ವೇಬ್ರಿಡ್ಜ್ ತೋರಿಸುವುದೇ ಹತ್ತತ್ತು ಕೆಜಿ ಹೆಜ್ಜೆಯಲ್ಲಿ.

ರ‍್ಯಾಕ್ ಕೊಳ್ಳುವಾಗ ಯಾರೂ ಹೇಳದ ವಿಷಯ ಇದು. ಕಾರು ತಡೆಯುತ್ತದೆ, ಹಿಚ್ ತಡೆಯುತ್ತದೆ, ರ‍್ಯಾಕ್ ತಡೆಯುತ್ತದೆ, ಆದರೆ ಹಿಂದಿನ ಸೀಟಿನಲ್ಲಿ ಯಾರೂ ಕೂರುವಂತಿಲ್ಲ. ಮಕ್ಕಳಿಬ್ಬರನ್ನೂ ಡಿಕ್ಕಿಯ ಸಾಮಾನನ್ನೂ ಇಳಿಸಿ ಮತ್ತೆ ತೂಗಿದೆವು. ಹಿಂದಿನ ಆಕ್ಸಲ್ 880ಕ್ಕೆ ಬಂತು. ಚಿಕ್ಕ ಬೈಕ್ ಸೇರಿಸಿದರೆ 1,091, ಆರಾಮಾಗಿ ಮಿತಿಯೊಳಗೆ. ಬೈಕ್ ಹೊತ್ತ ದಿನ ಮುಂದೆ ಇಬ್ಬರೇ, ಸಾಮಾನು ಹಿಂದಿನ ಸೀಟಿನ ಕಾಲಿಡುವ ಜಾಗದಲ್ಲಿ. ಮನೆಯಲ್ಲಿ ಈ ತೀರ್ಮಾನಕ್ಕೆ ಚಪ್ಪಾಳೆ ಬೀಳಲಿಲ್ಲ. ಹಿಂದಿನ ಟೈರುಗಳ ಗಾಳಿಯನ್ನು ಪೂರ್ತಿ ಭಾರಕ್ಕೆ ಹೇಳಿದ ಮಟ್ಟಕ್ಕೆ ಏರಿಸಿದೆವು.

ಒಂದು ಮಿಲಿಮೀಟರ್

ರ‍್ಯಾಕ್‌ನ ಕಂಬಿಯನ್ನು ರಿಸೀವರ್‌ಗೆ ತೂರಿಸಿ, ಪಿನ್ ಹಾಕಿ, ಖಾಲಿ ರ‍್ಯಾಕ್‌ನ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದೆ. ಟಕ್ ಟಕ್ ಅಂತ ಸದ್ದು. ತುದಿ ಎರಡು ಬೆರಳಿನಷ್ಟು ಆಡುತ್ತಿತ್ತು. ಗೆಳೆಯನಿಗೆ ಗಾಬರಿ, ವೆಲ್ಡಿಂಗ್ ಬಿಟ್ಟಿದೆ ಅಂತ. ವೆಲ್ಡಿಂಗ್ ಸರಿಯಾಗೇ ಇತ್ತು. ರಿಸೀವರ್‌ನ ಒಳಗಿನ ಅಗಲ ಸುಮಾರು 51 ಮಿ.ಮೀ., ಕಂಬಿ ಅದಕ್ಕಿಂತ ಒಂದು ಮಿಲಿಮೀಟರ್ ಕಡಿಮೆ. ಅಷ್ಟಿಲ್ಲದಿದ್ದರೆ ಕಂಬಿ ಒಳಗೆ ಹೋಗುವುದೇ ಇಲ್ಲ.

ಆದರೆ ಆ ಒಂದು ಮಿಲಿಮೀಟರ್ ಏನು ಮಾಡುತ್ತದೆ ನೋಡಿ. ಐವತ್ತು ಮಿ.ಮೀ. ಚೌಕದಲ್ಲಿ ಒಂದು ಮಿ.ಮೀ. ಸಡಿಲ ಇದ್ದರೆ ಕಂಬಿ ಎರಡೂ ಕಡೆಗೆ ಐವತ್ತರಲ್ಲಿ ಒಂದು ಪಾಲು ಹೊರಳಬಹುದು. ರ‍್ಯಾಕ್‌ನ ತುದಿ ನಡುವಿನಿಂದ 90 ಸೆಂ.ಮೀ. ದೂರ. ಅಲ್ಲಿಗೆ ಅದು 18 ಮಿ.ಮೀ. ಆಗುತ್ತದೆ, ಮೇಲಕ್ಕೊಮ್ಮೆ, ಕೆಳಕ್ಕೊಮ್ಮೆ. ಬೈಕ್ ನಿಂತ ಮೇಲೆ ಹ್ಯಾಂಡಲ್ ಎತ್ತರದಲ್ಲಿ ಇನ್ನೂ ಜಾಸ್ತಿ. ರಸ್ತೆಯ ಪ್ರತಿ ಏರುಪೇರಿಗೂ 108 ಕೆಜಿ ಈ ಕಡೆಯಿಂದ ಆ ಕಡೆ ಬಿದ್ದು ಕೊಳವೆಯ ಗೋಡೆಗೆ ಗುದ್ದುತ್ತದೆ. ಪಿನ್ನಿನ ತೂತು ಮೊಟ್ಟೆಯಾಕಾರಕ್ಕೆ ತಿರುಗುವುದು, ವೆಲ್ಡಿಂಗ್ ಪಕ್ಕದ ಬಣ್ಣ ಸೀಳುವುದು ಇಂಥ ಗುದ್ದುಗಳಿಂದ.

ಇದಕ್ಕೆ ಪರಿಹಾರ ಅಗ್ಗದ್ದು, ಸರಳವಾದದ್ದು. ರಿಸೀವರ್‌ನ ಬಾಯಿಗೂ ರ‍್ಯಾಕ್‌ನ ಕಂಬಿಗೂ ಸೇರಿಸಿ ಬಿಗಿಯುವ ಒಂದು ದಪ್ಪ ಪಟ್ಟಿ, ಅದಕ್ಕೆ ಯು ಆಕಾರದ ಬೋಲ್ಟು. ಬಿಗಿದಾಗ ಕಂಬಿ ಕೊಳವೆಯ ಒಂದು ಮೂಲೆಗೆ ಒತ್ತಿಕೊಂಡು ಕೂರುತ್ತದೆ, ಆಟ ನಿಲ್ಲುತ್ತದೆ. ಬಿಗಿದ ಮೇಲೆ ತುದಿ ಹಿಡಿದು ಜಗ್ಗಿದರೆ ಇಡೀ ಕಾರೇ ಸ್ಪ್ರಿಂಗ್ ಮೇಲೆ ಕುಲುಕುತ್ತಿತ್ತು, ಸದ್ದಿಲ್ಲ. ಅದೇ ಗುರುತು. ಸದ್ದು ಬಂದರೆ ಇನ್ನೂ ಸಡಿಲ ಇದೆ ಅಂತ ಅರ್ಥ.

ಬೆಲ್ಟ್ ಕಟ್ಟುವ ಕೋನ

ಟ್ರೇಲರ್ ಮೇಲೆ ಬೈಕ್ ಕಟ್ಟಿ ಅಭ್ಯಾಸ ಇದ್ದವರು ಇಲ್ಲಿ ಎಡವುತ್ತಾರೆ. ಟ್ರೇಲರ್‌ನಲ್ಲಿ ಬೈಕ್ ಗಾಡಿ ಹೋಗುವ ದಿಕ್ಕಿಗೇ ಮುಖ ಮಾಡಿರುತ್ತದೆ. ಬ್ರೇಕ್ ಹಾಕಿದರೆ ಅದರ ಮುಂದಿನ ಚಕ್ರ ಎದುರಿನ ತಡೆಗೆ ಒತ್ತಿಕೊಳ್ಳುತ್ತದೆ, ಅಷ್ಟೇ. ಹಿಚ್ ರ‍್ಯಾಕ್‌ನಲ್ಲಿ ಬೈಕ್ ಅಡ್ಡ ನಿಂತಿರುತ್ತದೆ. ಬ್ರೇಕ್ ಹಾಕಿದಾಗಲೆಲ್ಲ ಅದು ಮಗ್ಗುಲಾಗಿ ಕಾರಿನ ಗಾಜಿನ ಕಡೆ ಬೀಳೋಕೆ ನೋಡುತ್ತದೆ. ಗಾಡಿ ಮುಂದಕ್ಕೆ ಜಿಗಿದಾಗ ರಸ್ತೆಯ ಕಡೆ. ಅದನ್ನು ತಡೆಯುವುದು ಬೆಲ್ಟ್ ಮಾತ್ರ.

ರ‍್ಯಾಕ್‌ನ ಕಾಲುವೆಗೇ, ಅಂದರೆ ಬೈಕಿನ ಚಕ್ರಗಳು ಕೂರುವ ತಗ್ಗು ಪಟ್ಟಿಗೇ, ಬೆಲ್ಟ್ ಸಿಕ್ಕಿಸುವ ಕೊಕ್ಕೆಗಳಿದ್ದವು. ಬೈಕಿನ ನಡುಗೆರೆಯಿಂದ ಬರೀ 10 ಸೆಂ.ಮೀ. ಆಚೆ. ಬೆಲ್ಟ್ ಮೇಲೆ ಹಿಡಿಯುವ ಜಾಗ 90 ಸೆಂ.ಮೀ. ಎತ್ತರದಲ್ಲಿ. ಅಂದರೆ ಬೆಲ್ಟ್ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತದೆ. ನೆಟ್ಟಗಿನ ಬೆಲ್ಟ್ ಬೈಕನ್ನು ಕೆಳಕ್ಕೆ ಒತ್ತುತ್ತದೆ, ಪಕ್ಕಕ್ಕೆ ಹಿಡಿಯುವುದಿಲ್ಲ. ಅದರ ಬಿಗಿತದಲ್ಲಿ ನೂರಕ್ಕೆ 11 ಪಾಲು ಮಾತ್ರ ಪಕ್ಕಕ್ಕೆ ಕೆಲಸ ಮಾಡುತ್ತದೆ.

ಜೋರಾಗಿ ಬ್ರೇಕ್ ಹಾಕಿದಾಗ, ಒಣ ರಸ್ತೆಯಲ್ಲಿ, ಬೈಕಿನ ತೂಕದ ನೂರಕ್ಕೆ 80 ಪಾಲಿನಷ್ಟು ಬಲ ಅದನ್ನು ಮಗ್ಗುಲಿಗೆ ತಳ್ಳುತ್ತದೆ ಅಂತ ಇಟ್ಟುಕೊಳ್ಳಿ. 108ಕ್ಕೆ ಅದು 86 ಕೆಜಿ. ಬೈಕಿನ ಭಾರದ ನಡು ಕಾಲುವೆಯಿಂದ ಸುಮಾರು 55 ಸೆಂ.ಮೀ. ಮೇಲೆ, ಬೆಲ್ಟ್ ಹಿಡಿದಿರುವುದು 90ರಲ್ಲಿ. ಹಾಗಾಗಿ ಬೆಲ್ಟ್ ಪಕ್ಕಕ್ಕೆ 53 ಕೆಜಿ ಹಿಡಿದಿಡಬೇಕು. ನೆಟ್ಟಗಿನ ಬೆಲ್ಟ್ ಆದರೆ ಅಷ್ಟಕ್ಕೆ ಸುಮಾರು 480 ಕೆಜಿ ಬಿಗಿತ ಬೇಕು. ಆ ಕಡೆ ಇರುವುದು ಎರಡು ಬೆಲ್ಟ್, ತಲಾ 240. ಬೆಲ್ಟ್ ಮೇಲೆ ಬರೆದ ಬಳಕೆಯ ಮಿತಿ 180. ಇದು ಚಿಕ್ಕ ಬೈಕಿನ ಕಥೆ ಅನ್ನುವುದು ನೆನಪಿರಲಿ.

ಅಡ್ಡಪಟ್ಟಿ ತರಿಸಿದ್ದು ಇದಕ್ಕೇ. ಕೊಕ್ಕೆಗಳನ್ನು ಅದು ನಡುಗೆರೆಯಿಂದ 30 ಸೆಂ.ಮೀ. ಆಚೆಗೆ ಒಯ್ಯುತ್ತದೆ. ಆಗ ಬಿಗಿತದ ಮೂರರಲ್ಲಿ ಒಂದು ಪಾಲು ಪಕ್ಕಕ್ಕೆ ಸಿಗುತ್ತದೆ, ಪ್ರತಿ ಬೆಲ್ಟ್‌ಗೆ ಬೀಳುವುದು 84 ಕೆಜಿ. ಅದೇ ಬೆಲ್ಟು, ಅದೇ ಬೈಕು, ಕೊಕ್ಕೆ ಮಾತ್ರ ಇಪ್ಪತ್ತು ಸೆಂ.ಮೀ. ಆಚೆ. ಬೆಲ್ಟ್ ಕೊಳ್ಳುವವರು ಅಗಲ, ಬಣ್ಣ, ಬಿಗಿಯುವ ರ‍್ಯಾಚೆಟ್‌ನ ಗಾತ್ರ ಎಲ್ಲ ನೋಡುತ್ತಾರೆ. ಕೋನವನ್ನು ನೋಡುವವರು ಕಡಿಮೆ.

ಮೇಲೆ ಎಲ್ಲಿ ಕಟ್ಟಬೇಕು? ಹ್ಯಾಂಡಲ್‌ಗೆ ಬೇಡ. ಹ್ಯಾಂಡಲ್ ತಿರುಗುತ್ತದೆ, ಬಾಗುತ್ತದೆ, ಬ್ರೇಕಿನ ಹೋಸ್ ನಡುವೆ ಸಿಕ್ಕಿ ಜಜ್ಜುತ್ತದೆ. ಮುಂದಿನ ಫೋರ್ಕಿನ ಎರಡು ಕೊಳವೆಗಳನ್ನು ಹಿಡಿದಿರುವ ಕೆಳಗಿನ ಕ್ಲ್ಯಾಂಪ್ ಇದೆಯಲ್ಲ, ಅದಕ್ಕೆ ಮೆತ್ತನೆಯ ಬಟ್ಟೆಯ ಉಂಗುರ ಸುತ್ತಿ, ಆ ಉಂಗುರಕ್ಕೆ ಬೆಲ್ಟಿನ ಕೊಕ್ಕೆ. ಹಿಂದೆ ಸೀಟಿನ ಕೆಳಗಿನ ಚೌಕಟ್ಟಿಗೆ. ಮುಂದಿನ ಫೋರ್ಕ್ ಒಂದಿಷ್ಟು ಕುಗ್ಗುವವರೆಗೆ ಬಿಗಿಯಬೇಕು, ಪೂರ್ತಿ ಕೂರಿಸಬಾರದು. ಕುಗ್ಗಿದ್ದರೆ ಗುಂಡಿಯಲ್ಲಿ ಬೈಕ್ ಜಿಗಿದಾಗಲೂ ಬೆಲ್ಟ್ ಸಡಿಲವಾಗುವುದಿಲ್ಲ. ಪೂರ್ತಿ ಅದುಮಿ ಗಂಟೆಗಟ್ಟಲೆ ಬಿಟ್ಟರೆ ಫೋರ್ಕಿನ ಸೀಲ್‌ಗೆ ಒಳ್ಳೆಯದಲ್ಲ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಒಂದು ಗಟ್ಟಿ ಬ್ಲಾಕ್ ಇಟ್ಟುಬಿಟ್ಟರೆ ಈ ಚಿಂತೆಯೂ ಇಲ್ಲ. ಬೆಲ್ಟ್ ಪಾಲಿಯೆಸ್ಟರಿನದಾಗಿರಲಿ. ನೈಲಾನ್ ಜಾಸ್ತಿ ಹಿಗ್ಗುತ್ತದೆ, ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. ಕಟ್ಟುವಾಗ ಬೆಲ್ಟಿಗೆ ಒಂದು ಸುತ್ತು ತಿರುವು ಕೊಟ್ಟರೆ ಗಾಳಿಗೆ ಬರ್‌ರ್ ಅಂತ ಕಂಪಿಸುವುದು ನಿಲ್ಲುತ್ತದೆ.

ಏರಿಸಿದ್ದು

ರ‍್ಯಾಂಪ್ ಒಂದೂವರೆ ಮೀಟರ್, ಕಾಲುವೆಯ ಎತ್ತರ 45 ಸೆಂ.ಮೀ. ತಳ್ಳೋಕೆ ಬೇಕಾದ ಬಲ 32 ಕೆಜಿಯಷ್ಟು. ಕೇಳಿದರೆ ಏನೂ ಅಲ್ಲ ಅನ್ನಿಸುತ್ತದೆ. ತೊಂದರೆ ಬಲದ್ದಲ್ಲ, ನಿಲ್ಲುವ ಜಾಗದ್ದು. ಬೈಕ್ ಮೇಲೇರುತ್ತದೆ, ನೀವು ನೆಲದ ಮೇಲೇ ಇರುತ್ತೀರಿ. ಸೊಂಟದ ಮಟ್ಟದಲ್ಲಿದ್ದ ಸೀಟು ಎದೆಯ ಹತ್ತಿರ ಬರುತ್ತದೆ, ಹ್ಯಾಂಡಲ್ ಮುಖದ ಎದುರು. ಬೈಕಿಗೂ ಕಾರಿಗೂ ನಡುವೆ ಮನುಷ್ಯ ನಿಲ್ಲುವಷ್ಟು ಸಂದಿ ಇಲ್ಲ, ಹಾಗಾಗಿ ಹಿಡಿಯುವವರೆಲ್ಲ ಒಂದೇ ಮಗ್ಗುಲಲ್ಲಿ. ಆ ಕಡೆಗೆ ವಾಲಿದರೆ ಗಾಜು, ಈ ಕಡೆಗೆ ವಾಲಿದರೆ ನಾವು. ಒಬ್ಬರೇ ಮಾಡುವ ಕೆಲಸ ಅಲ್ಲವೇ ಅಲ್ಲ. ಇಂಜಿನ್ ಸ್ಟಾರ್ಟ್ ಮಾಡಿ ಅರ್ಧ ಕ್ಲಚ್‌ನಲ್ಲಿ ಹತ್ತಿಸುವವರನ್ನು ನೋಡಿದ್ದೇನೆ. ರೂಢಿ ಇಲ್ಲದವರಿಗೆ ಬೇಡ, ಕ್ಲಚ್ ಒಂದು ಚೂರು ಜಾಸ್ತಿ ಬಿಟ್ಟರೂ ಬೈಕು ಕಾಲುವೆಯ ಆ ತುದಿಯಿಂದ ಹೊರಗೆ.

ನಾವು ಮಾಡಿದ್ದು ಹೀಗೆ. ಸಮತಟ್ಟಾದ ಜಾಗ, ಕಾರಿಗೆ ಹ್ಯಾಂಡ್‌ಬ್ರೇಕ್. ಕಾರಿನ ಬದಿಯ ಎರಡೂ ಬೆಲ್ಟುಗಳನ್ನು ಮೊದಲೇ ಅಡ್ಡಪಟ್ಟಿಗೆ ಸಿಕ್ಕಿಸಿ, ಎಳೆಯುವ ತುದಿ ಈಚೆ ಬರುವ ಹಾಗೆ ಇಟ್ಟದ್ದು, ಯಾಕೆಂದರೆ ಆಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ. ಹ್ಯಾಂಡಲ್ ಮತ್ತು ಮುಂದಿನ ಬ್ರೇಕ್ ಒಬ್ಬರ ಕೈಯಲ್ಲಿ, ಸೀಟಿನ ಹಿಂಭಾಗ ಇನ್ನೊಬ್ಬರ ಕೈಯಲ್ಲಿ, ಕಾಲ ಕೆಳಗೆ ಗಟ್ಟಿ ಮೆಟ್ಟಿಲು. ಮುಂದಿನ ಚಕ್ರ ತಡೆಯೊಳಗೆ ಕೂತ ಕೂಡಲೇ ಬ್ರೇಕ್ ಲಿವರ್‌ಗೆ ಪಟ್ಟಿ ಸುತ್ತಿದೆವು. ಸೈಡ್ ಸ್ಟ್ಯಾಂಡ್ ಮಡಚಿ, ಗೇರ್‌ನಲ್ಲಿ ಬಿಟ್ಟೆವು.

ಉಳಿದವು ಚಿಕ್ಕ ಚಿಕ್ಕ ವಿಷಯ. ಬೈಕಿನ ಉದ್ದ 2.15 ಮೀಟರ್, ಕಾರಿನ ಅಗಲ 1.85. ಎರಡೂ ಕಡೆ 15 ಸೆಂ.ಮೀ. ಹೊರಗೆ, ಹೆಚ್ಚುಕಡಿಮೆ ಕನ್ನಡಿಗಳ ನೇರಕ್ಕೆ. ಕನ್ನಡಿ ದಾಟಿತು ಅಂದರೆ ಚಕ್ರವೂ ದಾಟಿತು ಅಂದುಕೊಳ್ಳಬಾರದು. ತಿರುಗಿಸುವಾಗ ಬಾಲ ಹೊರಗೆ ಬೀಸುತ್ತದೆ. ಹಿಂದಿನ ಲೈಟು, ನಂಬರ್ ಪ್ಲೇಟು ಬೈಕಿನ ಹಿಂದೆ ಮರೆಯಾಗುತ್ತವೆ, ಅದಕ್ಕೇ ಲೈಟಿನ ಹಲಗೆ. ನಿಮ್ಮಲ್ಲಿ ನಿಯಮ ಏನಿದೆ ಅಂತ ಮೊದಲೇ ನೋಡಿಕೊಳ್ಳಿ. ರಿವರ್ಸ್ ಸೆನ್ಸರ್ ಒಂದೇ ಸಮನೆ ಕೂಗುತ್ತದೆ, ಕ್ಯಾಮೆರಾದಲ್ಲಿ ಕಾಣುವುದು ಟೈರು ಮಾತ್ರ.

ಹೆಡ್‌ಲೈಟ್ ಮಾತ್ರ ಚಿಕ್ಕ ವಿಷಯ ಅಲ್ಲ. ಬೈಕ್ ಏರಿಸಿದ ಮೇಲೆ ಹಿಂಭಾಗ 4 ಸೆಂ.ಮೀ. ಕುಸಿಯಿತು, ಮುಂಭಾಗ 1 ಸೆಂ.ಮೀ. ಎದ್ದಿತು. 2.70 ಮೀಟರ್‌ಗೆ ಐದು ಸೆಂ.ಮೀ. ಅಂದರೆ 10 ಮೀಟರ್‌ಗೆ 18 ಸೆಂ.ಮೀ. ಏರಿಕೆ. ಡಿಪ್ ಲೈಟ್ ಸಾಮಾನ್ಯವಾಗಿ 10 ಮೀಟರ್‌ಗೆ 10 ಸೆಂ.ಮೀ.ಯಷ್ಟು ಕೆಳಕ್ಕೆ ನೋಡುತ್ತದೆ. ಅದು ಈಗ ಮೇಲಕ್ಕೆ ನೋಡೋಕೆ ಶುರು ಮಾಡಿತು, ನೇರ ಎದುರಿನವರ ಕಣ್ಣಿಗೆ. ಡ್ಯಾಶ್‌ಬೋರ್ಡ್‌ನಲ್ಲಿ ಲೈಟ್ ಇಳಿಸುವ ಪುಟ್ಟ ಚಕ್ರ ಇರುವುದು ಇಂಥ ದಿನಕ್ಕೇ.

ಓಡಿಸಿದ ಮೇಲೆ

ಹೊರಟು ಕಾಲು ಗಂಟೆಗೆ ನಿಲ್ಲಿಸಿ ಮುಟ್ಟಿ ನೋಡಿದೆವು. ಮುಂದಿನ ಬೆಲ್ಟುಗಳು ತಂತಿಯ ಹಾಗೆ ಬಿಗಿ. ಹಿಂದಿನವು ಸಡಿಲ. ಹಿಂದಿನ ಟೈರು ಕಾಲುವೆಯೊಳಗೆ ಸರಿಯಾಗಿ ಕೂತಿತ್ತು, ಅಷ್ಟೇ ಕಾರಣ. ಮೊದಲ ನಿಲುಗಡೆ ಬೇಗ ಇರಬೇಕು ಅನ್ನುವುದು ಅದಕ್ಕೆ. ಯು ಬೋಲ್ಟು ಕೂಡ ಅರ್ಧ ಸುತ್ತು ತೆಗೆದುಕೊಂಡಿತು. ಆಮೇಲೆ ಮತ್ತೆ ಬಿಗಿಯುವ ಅಗತ್ಯ ಬರಲಿಲ್ಲ. ಗಂಟೆಗೆ 80 ಕಿ.ಮೀ. ಒಳಗೆ ಗಾಡಿ ತಣ್ಣಗೆ ಓಡಿತು. ಅದಕ್ಕಿಂತ ಮೇಲೆ ಸ್ಟೀರಿಂಗ್ ಹಗುರಾಗುವುದು ಕೈಗೆ ಗೊತ್ತಾಗುತ್ತಿತ್ತು, ಹಾಗಾಗಿ ಹೋಗಲಿಲ್ಲ.

ಒಂದು ವಿಷಯ ಸ್ವಲ್ಪ ದಿನ ಬಿಟ್ಟು ಎದುರಾಯಿತು. ಕಾರಿನ ಸೈಲೆನ್ಸರ್‌ನ ಬಾಯಿ ಎಡಗಡೆ. ಏರಿಸುವ ಮೊದಲು ಇಂಜಿನ್ ಓಡಿಸಿ, ಬಿಸಿ ಹೊಗೆ ಎಲ್ಲಿ ಬೀಳುತ್ತದೆ ಅಂತ ಕೈಯಿಂದ ನೋಡಿ, ಟೈರು ಮತ್ತು ಬೆಲ್ಟು ಎರಡನ್ನೂ ಅದರಿಂದ ತಪ್ಪಿಸಿದ್ದೆವು. ಮುಂದೊಂದು ಸಲ ಗೆಳೆಯ ಒಬ್ಬನೇ ಕಟ್ಟುವಾಗ, ನೋಡೋಕೆ ಚೆನ್ನಾಗಿರಲಿ ಅಂತ ಎಡಬದಿಯ ಬೆಲ್ಟನ್ನು ಬೇರೆ ದಾರಿಯಲ್ಲಿ ತಂದಿದ್ದ. ತಿರುಗಿ ಬಂದಾಗ ಅದರ ಒಂದು ಅಂಚು ಗಟ್ಟಿಯಾಗಿ, ಮೇಣ ಸವರಿದ ಹಾಗೆ ಹೊಳೆಯುತ್ತಿತ್ತು. ಬಾಗಿಸಿದರೆ ಪಟಪಟ ಅನ್ನುತ್ತಿತ್ತು. ಡೀಸೆಲ್ ಗಾಡಿಯ ಮಸಿ ಹಿಡಿಯುವ ಫಿಲ್ಟರ್ ಆಗಾಗ ತನ್ನಷ್ಟಕ್ಕೆ ಮಸಿ ಸುಟ್ಟುಕೊಳ್ಳುತ್ತದೆ. ಆಗ ಅದರೊಳಗೆ 600 ಡಿಗ್ರಿಯ ಹತ್ತಿರ ಶಾಖ ಇರುತ್ತದೆ, ಹೊರಬರುವ ಹೊಗೆಯೂ ಮಾಮೂಲಿಗಿಂತ ಬಹಳ ಬಿಸಿ. ನಿಂತಲ್ಲಿ ಕೈಯಿಟ್ಟು ನೋಡಿದ್ದು ಆ ಹೊತ್ತಿಗೆ ಲೆಕ್ಕಕ್ಕಿಲ್ಲ. ಬೆಲ್ಟ್ ಕತ್ತರಿಸಿ ಬಿಸಾಡಿದೆವು, ಸುಮ್ನೆ ಬಿಸಾಡಿದರೆ ಯಾರಾದರೂ ಮತ್ತೆ ಬಳಸುತ್ತಾರೆ ಅಂತ. ಸೈಲೆನ್ಸರ್ ಬಾಯಿಗೆ ಹೊಗೆಯನ್ನು ನೆಲದ ಕಡೆ ತಿರುಗಿಸುವ ಮೂತಿ ಹಾಕಿಸಿದ್ದಾಯಿತು.

ದೊಡ್ಡ ಬೈಕ್ ಏನಾಯ್ತು ಅಂದರೆ, ಅದು ಅದೇ ಕಾರಿನ ಹಿಂದೆ, ಅದೇ ಹಿಚ್‌ನಲ್ಲಿ ಹೋಗುತ್ತದೆ, ಟ್ರೇಲರ್ ಮೇಲೆ. 200 ಕೆಜಿಯ ಚಿಕ್ಕ ಟ್ರೇಲರ್, ಮೇಲೆ 198 ಕೆಜಿ ಬೈಕ್. ಒಟ್ಟು ಭಾರದ ಹತ್ತನೇ ಒಂದು ಪಾಲು ಚೆಂಡಿನ ಮೇಲೆ ಕೂರುವ ಹಾಗೆ ಬೈಕ್ ನಿಲ್ಲಿಸಿದರೆ ಹಿಚ್‌ಗೆ ಬೀಳುವುದು 40 ಕೆಜಿ. ಹಿಂದಿನ ಆಕ್ಸಲ್‌ಗೆ 60 ಕೆಜಿಯ ಆಸುಪಾಸು. ರ‍್ಯಾಕ್ ಮೇಲಾದರೆ ಇದೇ ಬೈಕು 348 ಹೇರುತ್ತಿತ್ತು. ಮಕ್ಕಳೂ ಹಿಂದಿನ ಸೀಟಿಗೆ ವಾಪಸ್ ಬಂದರು. ಟ್ರೇಲರ್ ಇಡೋಕೆ ಜಾಗ ಇಲ್ಲ ಅನ್ನುವ ಹಳೇ ಗೋಳು ಹಾಗೇ ಇದೆ, ಬೇಕಾದಾಗ ಬಾಡಿಗೆಗೆ ತರುತ್ತಾನೆ.

ಮೊನ್ನೆ ಇನ್ನೊಂದು ಪ್ರಶ್ನೆ ತಂದಿದ್ದ. ರ‍್ಯಾಕ್ ಇದ್ದರೆ ಡಿಕ್ಕಿಯ ಬಾಗಿಲು ತೆಗೆಯೋಕೆ ಆಗುವುದಿಲ್ಲ. ನಡುವೆ ಹಿಚ್ಚನ್ನು ಹಿಂದಕ್ಕೆ ಉದ್ದ ಮಾಡುವ 20 ಸೆಂ.ಮೀ.ನ ಎಕ್ಸ್‌ಟೆಂಡರ್ ಹಾಕಿದರೆ ಬಾಗಿಲು ತೆರೆಯುತ್ತದಂತೆ. ಲೆಕ್ಕ ಅವನೇ ಹಾಕಲಿ ಅಂತ ಪೆನ್ನು ಕೊಟ್ಟೆ. 108 × 0.60, ಮೇಲೆ 32 × 0.50. ಒಟ್ಟು 81 ಬಂತು, ಮಿತಿ 56. ಕೊಳವೆಯೊಳಗೆ ಆಡುವ ಜಾಗವೂ ಒಂದರ ಬದಲು ಎರಡು. ಹಾಳೆ ಮಡಚಿಟ್ಟ. ಬ್ಯಾಗುಗಳನ್ನು ಈಗಲೂ ಪಕ್ಕದ ಬಾಗಿಲಿನಿಂದಲೇ ತೆಗೆಯುತ್ತಾನೆ.